ಬೆಳಗಾವಿಯಿಂದ ಪಣಜಿಗೆ, ಪ್ರದರ್ಶನ ನೋಡಲಿಕ್ಕೆ

ಗೋವಾಕ್ಕೆ ಹೋಗ್ತೀವಿ ಅಂದರೆ ಬೆಳಗಾವಿಯಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ. ಸಮುದ್ರ, ಮೀನಿನ ಊಟ, ಇಲ್ಲವೇ ಮಂಗೇಶಿ, ಶಾಂತಾದುರ್ಗೆಯ ದರ್ಶನ, ಇಷ್ಟರಲ್ಲಿ ಯಾವುದೋ ಒಂದು ಇರಬೇಕು ಅಂದುಕೊಳ್ಳುತ್ತಾರೆ. ನಾನು, ಅಕ್ಕ, ಪಿಯುಸಿ ಓದುವ ಮಗಳು ಡಿಸೆಂಬರ್‌ನಲ್ಲಿ ಹೋಗಿ ಬಂದದ್ದು ಪಣಜಿಯ ಕಲಾ ಪ್ರದರ್ಶನಗಳಿಗೆ. ಬಂದ ಮೇಲೆ ಬಹಳ ಜನ ಕೇಳಿದರು: ಎಲ್ಲಿ ಇಳಿದುಕೊಂಡಿರಿ, ಏನೇನು ನೋಡಿದಿರಿ, ನಮ್ಮಂಥವರಿಗೆ ಅದೆಲ್ಲ ತಿಳೀತದಾ? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಬೆಳಗಾವಿಗೆ ಚಿತ್ರಕಲೆ ಹೊಸದಲ್ಲ. ಕೆ.ಬಿ. ಕುಲಕರ್ಣಿಯವರ ಹತ್ತಿರ ಕಲಿತವರು ದೊಡ್ಡ ಹೆಸರು ಮಾಡಿದರು. ಇಲ್ಲೇ 1935ರಲ್ಲಿ ಹುಟ್ಟಿದ ರವಿ ಪರಾಂಜಪೆ ಅವರಲ್ಲೊಬ್ಬರು. ಟಿಳಕವಾಡಿಯ ವರೇರಕರ್ ನಾಟ್ಯ ಸಂಘದಲ್ಲಿ ಕುಲಕರ್ಣಿಯವರ ಹೆಸರಿನ ಗ್ಯಾಲರಿಯೇ ಇದೆ. ಆದರೆ ನಮ್ಮ ಕಣ್ಣು ಪಳಗಿದ್ದು ಭಾವಚಿತ್ರಕ್ಕೆ, ಊರು, ಕೆರೆ, ಸಂತೆಯ ಚಿತ್ರಗಳಿಗೆ. ಗೋಡೆ ಬಿಟ್ಟು ಕೋಣೆ ತುಂಬ ಹರಡಿಕೊಂಡ ಕೆಲಸ ಎದುರಿಗೆ ಬಂದಾಗ ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗುವುದಿಲ್ಲ. ಇದಕ್ಕೆ ಓದಿಕೊಂಡು ಹೋಗಬೇಕಾಗಿಲ್ಲ. ಸಮಯ ಇಟ್ಟುಕೊಂಡು ಹೋಗಬೇಕು. ನನ್ನ ಸಲಹೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ. ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಎರಡು ರಾತ್ರಿ ಉಳಿಯುವ ಹಾಗಿದ್ದರೆ ಹೊರಡಿ.

ದಾರಿ

ಚೋರ್ಲಾ ಘಾಟಿನ ಮೇಲೆ ಹೋದರೆ ಸುಮಾರು 120 ಕಿ.ಮೀ. ಜಾಂಬೋಟಿ, ಕಣಕುಂಬಿ, ಚೋರ್ಲಾ, ಕೇರಿ, ಸಾಖಳಿ, ಡಿಚೋಲಿ. ಸ್ವಂತ ಗಾಡಿಯಲ್ಲಿ ಮೂರರಿಂದ ಮೂರೂವರೆ ಗಂಟೆ ಹಿಡಿಯಿರಿ. ಬೆಳಿಗ್ಗೆ ಬೇಗ ಹೊರಟರೆ ಒಳ್ಳೆಯದು. ಕತ್ತಲಾದ ಮೇಲೆ ಘಾಟು ಇಳಿಯಬೇಡಿ, ಮಳೆಗಾಲದಲ್ಲಂತೂ ಮಂಜು ಕವಿದು ಮುಂದಿನ ಗಾಡಿಯ ದೀಪವೂ ಕಾಣುವುದಿಲ್ಲ. ಪೆಟ್ರೋಲ್ ಬೆಳಗಾವಿಯಲ್ಲೇ ತುಂಬಿಸಿಕೊಳ್ಳಿ. ನಡುವೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ತಿರುವು ಜಾಸ್ತಿ. ಓಕರಿಕೆ ಬರುವವರು ಬರೀ ಹೊಟ್ಟೆಯಲ್ಲೂ ಹೊರಡಬಾರದು, ಹೊಟ್ಟೆ ಬಿರಿಯ ತಿಂದೂ ಹೊರಡಬಾರದು.

ಬಸ್ಸಿಗೆ ಹೋಗುವವರಿಗೆ ನಮ್ಮ ವಾಯವ್ಯ ಸಾರಿಗೆಯ ಬಸ್ಸೂ ಇವೆ, ಗೋವಾದ ಕದಂಬ ಬಸ್ಸೂ ಇವೆ. ಹತ್ತುವ ಮೊದಲು ಚೋರ್ಲಾ ಮೇಲೆ ಹೋಗ್ತದಾ, ಅನಮೋಡ ಮೇಲೆ ಹೋಗ್ತದಾ ಅಂತ ಕಂಡಕ್ಟರ್‌ನ ಕೇಳಿ. ಅನಮೋಡ ದಾರಿಗೆ ಜಾಸ್ತಿ ಹೊತ್ತು ಬೇಕು. ಎರಡೂ ಬಸ್ಸು ಪಣಜಿಯ ಕದಂಬ ಸ್ಟ್ಯಾಂಡಿಗೇ ಬರುತ್ತವೆ.

ಕಣಕುಂಬಿಯಲ್ಲಿ ಐದು ನಿಮಿಷ ನಿಲ್ಲಿ. ಮಲಪ್ರಭೆ ಹುಟ್ಟುವ ಜಾಗ ಅದು. ಇದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾದೊಳಗೆ ಮಾಂಡೋವಿಯಾಗಿ ಪಣಜಿಯ ಮುಂದೆ ಹರಿಯುತ್ತದೆ. ನೀವು ನೋಡಲಿಕ್ಕೆ ಹೊರಟ ಜಾಗಗಳಲ್ಲಿ ಅರ್ಧ ಆ ನದಿಯ ದಂಡೆಯ ಮೇಲೇ ಇವೆ.

ಎಲ್ಲಿ ಉಳಿಯುವುದು, ಹೇಗೆ ಓಡಾಡುವುದು

ಕಡಲ ತೀರದ ರೂಮು ಬೇಡ. ಅಲ್ಲಿಂದ ದಿನಾ ಪಣಜಿಗೆ ಬರುವುದರಲ್ಲೇ ದುಡ್ಡೂ ಹೊತ್ತೂ ಹೋಗುತ್ತವೆ. ಪಣಜಿಯ ಒಳಗೇ, ಬಸ್ ಸ್ಟ್ಯಾಂಡಿನಿಂದ ಆಜಾದ್ ಮೈದಾನದವರೆಗೆ ಎಲ್ಲಿ ಸಿಕ್ಕರೂ ನಡೀತದೆ. ಊರು ಸಣ್ಣದು, ಮುಖ್ಯ ಜಾಗಗಳನ್ನೆಲ್ಲ ನಡೆದೇ ಮುಗಿಸಬಹುದು. ಕಾರು ತಂದವರು ಪಾಟೋದ ಬಹುಮಹಡಿ ಪಾರ್ಕಿಂಗ್‌ನಲ್ಲಿ ಬಿಟ್ಟು ಮರೆತುಬಿಡಿ. ಸಂಜೆಯಾದರೆ ಕ್ಯಾಸಿನೋ ಗಿರಾಕಿಗಳ ಗಾಡಿಗಳಿಂದ ನದಿ ದಂಡೆಯ ರಸ್ತೆ ಕಟ್ಟಿಕೊಳ್ಳುತ್ತದೆ. ಟ್ಯಾಕ್ಸಿ ದರ ನಮ್ಮೂರಿಗಿಂತ ಬಹಳ ಹೆಚ್ಚು, ಕೂರುವ ಮೊದಲೇ ಮಾತಾಡಿಕೊಳ್ಳಿ. ಡಿಸೆಂಬರ್ 20 ದಾಟಿದರೆ ರೂಮಿನ ದರ ಏರುತ್ತದೆ, ಅದಕ್ಕೆ ಮುಂಚೆ ಹೋಗಿ ಬನ್ನಿ.

ಬೆಳಗಿನ ತಿಂಡಿಗೆ ಭಾಜಿ ಪಾವ್ ಸಿಗುತ್ತದೆ. ತೆಳು ಬೇಕಾದರೆ ಪಾತಳ ಭಾಜಿ, ಗಟ್ಟಿ ಬೇಕಾದರೆ ಸುಕಿ ಭಾಜಿ ಅಂತ ಕೇಳಿ. ಅಕ್ಕ ಶುದ್ಧ ಸಸ್ಯಾಹಾರಿ, ಎಲ್ಲೂ ತೊಂದರೆ ಆಗಲಿಲ್ಲ.

ಡಿಸೆಂಬರ್ ಉತ್ಸವ

ಸೆರೆಂಡಿಪಿಟಿ ಆರ್ಟ್ಸ್ ಫೆಸ್ಟಿವಲ್ ಪಣಜಿಯಲ್ಲಿ 2016ರಲ್ಲಿ ಶುರುವಾಯಿತು. ಡಿಸೆಂಬರ್ ನಡುವಿನ ವಾರದಲ್ಲಿ ಊರಿನ ಹಳೆಯ ಕಟ್ಟಡ, ಉದ್ಯಾನ, ಮೈದಾನಗಳಲ್ಲಿ ಚಿತ್ರ, ಕರಕುಶಲ, ಫೋಟೋ, ನಾಟಕ, ಸಂಗೀತ, ಅಡುಗೆ ಎಲ್ಲ ಒಟ್ಟಿಗೆ ನಡೆಯುತ್ತವೆ. ಪ್ರದರ್ಶನಗಳಿಗೆ ದುಡ್ಡಿಲ್ಲ, ಹೆಸರು ನೋಂದಾಯಿಸಬೇಕು ಅಷ್ಟೇ. ಇದನ್ನು ಮನೆಯಲ್ಲೇ ಮೊಬೈಲ್‌ನಲ್ಲಿ ಮಾಡಿಕೊಂಡು ಬನ್ನಿ, ಬಾಗಿಲಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ. ಕಾರ್ಯಾಗಾರಗಳಿಗೆ ಸೀಟು ಕಡಿಮೆ. ಮಾಂಡೋವಿಯಲ್ಲಿ ದೋಣಿಯ ಮೇಲೆ ಕೂತು ಸಂಗೀತ ಕೇಳುವ 'ರಿವರ್ ರಾಗ್' ಇದ್ದರೆ ಅದಕ್ಕೂ ಹಾಗೇ, ಬಹಳ ಬೇಗ ತುಂಬುತ್ತದೆ. ಶನಿವಾರ, ರವಿವಾರ ತಪ್ಪಿಸಿ. ಸೋಮವಾರದಿಂದ ಗುರುವಾರದೊಳಗೆ ಹೋದರೆ ಕೋಣೆಗಳಲ್ಲಿ ನಿಲ್ಲಲಿಕ್ಕೆ ಜಾಗ ಇರುತ್ತದೆ.

ಕಾರ್ಯಕ್ರಮದ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಎಲ್ಲ ನೋಡುತ್ತೇವೆ ಅಂತ ಹಟ ಹಿಡಿಯಬೇಡಿ. ದಿನಕ್ಕೆ ಎರಡು ಜಾಗ, ಸಂಜೆಗೆ ಒಂದು ಕಾರ್ಯಕ್ರಮ ಸಾಕು.

ಒಂದೇ ಜಾಗಕ್ಕೆ ಸಮಯ ಇದೆ ಅನ್ನುವವರು ಹಳೆಯ ಜಿಎಂಸಿ ಕಟ್ಟಡಕ್ಕೆ ಹೋಗಿ. 1842ರಲ್ಲಿ ಪೋರ್ಚುಗೀಸರು ಶುರು ಮಾಡಿದ ವೈದ್ಯಕೀಯ ಶಾಲೆ ಮುಂದೆ ಗೋವಾ ಮೆಡಿಕಲ್ ಕಾಲೇಜಾಯಿತು. ಕಾಲೇಜು ಬೇರೆ ಕಡೆ ಹೋದ ಮೇಲೆ ಈ ಹಳೆಯ ಕಟ್ಟಡಗಳು ಚಿತ್ರೋತ್ಸವಕ್ಕೆ, ಪ್ರದರ್ಶನಕ್ಕೆ ಬಳಕೆಯಾಗುತ್ತಿವೆ. ಉದ್ದನೆಯ ಪಡಸಾಲೆ, ಎತ್ತರದ ಕಿಟಕಿಗಳು, ಒಂದರ ಹಿಂದೆ ಒಂದು ಕೋಣೆ. ಮೆಟ್ಟಿಲು ಬಹಳ, ಮೊಣಕಾಲು ನೋವಿನವರು ನಿಧಾನವಾಗಿ ಹತ್ತಿ.

ನಮಗೆ ಅಲ್ಲಿ ಸಿಕ್ಕ ಒಂದು ಕೋಣೆಯ ಬಗ್ಗೆ ಹೇಳಲೇಬೇಕು. ಮಾಡಿನಿಂದ ನೆಲದವರೆಗೆ ಬರೀ ದಾರ. ಬಿಳಿ, ಕಂದು, ಅಲ್ಲೊಂದು ಇಲ್ಲೊಂದು ಕೆಂಪು. ಜನ ಬರುತ್ತಿದ್ದರು, ಒಂದು ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು. ನಾವೂ ಹೊರಡುವವರಿದ್ದೆವು. ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿ ಹುಡುಗ ನಮ್ಮ ಮಾತು ಕೇಳಿ, "ಯಾವೂರ್ರೀ?" ಅಂದ. ಬಾದಾಮಿ ಕಡೆಯವನು. ಬೆಳಗಾವಿ ಅಂದ ಕೂಡಲೇ ಅವನ ಮುಖ ಅರಳಿತು.

"ಅಕ್ಕಾರ, ಇಲ್ಲಿ ನಿಂತ್ರ ಏನೂ ಕಾಣಂಗಿಲ್ರಿ. ಆ ಮೂಲ್ಯಾಗ ನಿಲ್ರಿ. ಇನ್ನೊಂದ್ ಸ್ವಲ್ಪ ಹೊತ್ತಿಗೆ ಬಿಸಲ ಒಳಗ ಬರತೈತಿ, ಆವಾಗ ನೋಡ್ರಿ."

ನಿಂತೆವು. ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಎದುರಿನ ಗೋಡೆಯ ಮೇಲೆ ನೆರಳಿನ ಗೆರೆಗಳು ಮೂಡಿದವು. ಹತ್ತಿರದ ದಾರದ್ದು ಗಟ್ಟಿ ಗೆರೆ, ದೂರದ್ದು ಮಸುಕು. ನಾವು ಕದಲಿದರೆ ಗಾಳಿಗೆ ದಾರ ಕದಲುತ್ತಿತ್ತು, ಗೋಡೆ ಮೇಲೆ ಗೆರೆಗಳೂ ಕದಲುತ್ತಿದ್ದವು. ಅಕ್ಕನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಅವಳು ಕಸೂತಿ ಹಾಕುವವಳು. ಗವಂತಿ, ಮುರ್ಗಿ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು, ಹೀಗಾಗಿ ಯಾವುದನ್ನೇ ಕೊಟ್ಟರೂ ಮೊದಲು ಹಿಂಬದಿ ತಿರುಗಿಸಿ ನೋಡುವ ರೂಢಿ ಅವಳದು. "ತಮ್ಮಾ, ಹಿಂದ ಹೋಗಬಹುದೇನಪಾ?" ಅಂತ ಕೇಳಿದಳು. "ಗ್ವಾಡಿ ಹಿಡದ ಹೋಗ್ರಿ, ಮುಟ್ಟಬ್ಯಾಡ್ರಿ," ಅಂದ. ಹಿಂದೆ ಹೋಗಿ ನೋಡಿದರೆ ಪ್ರತಿ ದಾರಕ್ಕೂ ಕೆಳಗೆ ಬೇರೆ ಬೇರೆ ಗಂಟು. ಅಕ್ಕ ಒಂದೊಂದೇ ಗಂಟಿನ ಮುಂದೆ ಬಗ್ಗಿ, ಇದು ಮೀನಿನ ಬಲೆಯದು, ಇದು ದನ ಕಟ್ಟುವ ಹಗ್ಗದ್ದು ಅಂತ ಗುರುತು ಹಿಡಿಯುತ್ತ ಹೋದಳು. ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಆ ಗಂಟುಗಳನ್ನು ಬರೆದುಕೊಂಡಳು.

ಅದಕ್ಕೇ ಹೇಳುತ್ತೇನೆ, ಕೋಣೆ ಕಾಯುವವರನ್ನು ಮಾತಾಡಿಸಿ. ದಿನವಿಡೀ ಒಂದೇ ಕೃತಿಯ ಜೊತೆ ಇರುವವರು ಅವರು. ಯಾವ ಹೊತ್ತಿಗೆ ಹೇಗೆ ಕಾಣುತ್ತದೆ, ಮಕ್ಕಳು ಏನು ಕೇಳುತ್ತಾರೆ, ಕಲಾವಿದರು ಬಂದಾಗ ಏನು ಹೇಳಿದರು, ಎಲ್ಲ ಅವರಿಗೆ ಗೊತ್ತು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಬಹಳಷ್ಟು ಜನ ಗೋವಾದಲ್ಲಿ ದುಡಿಯುತ್ತಿದ್ದಾರೆ, ಕನ್ನಡದಲ್ಲೇ ಕೇಳಿ ನೋಡಿ. ಗೋಡೆಗೆ ಅಂಟಿಸಿದ ಇಂಗ್ಲಿಷ್ ಬರಹ ಆಮೇಲೆ ಓದಿದರೂ ನಡೀತದೆ.

ಸುನಾಪರಾಂತ

ಉತ್ಸವ ವರ್ಷಕ್ಕೊಮ್ಮೆ. ಆದರೆ ಆಲ್ಟಿನೋ ಗುಡ್ಡದ ಮೇಲಿನ ಸುನಾಪರಾಂತ ಕಲಾ ಕೇಂದ್ರ ವರ್ಷದ ಉಳಿದ ದಿನಗಳಲ್ಲೂ ಪ್ರದರ್ಶನ ನಡೆಸುತ್ತದೆ. ಒಂದು ದೊಡ್ಡ ಹಳೆಯ ಮನೆ, ಒಳಗೆ ಗ್ಯಾಲರಿ ಕೋಣೆಗಳು, ನಡುವೆ ಅಂಗಳ, ಅಲ್ಲೇ ಕಾಫಿ ತಿಂಡಿಗೆ ಜಾಗ. ಪ್ರದರ್ಶನದ ಜೊತೆಗೆ ಮಾತುಕತೆ, ಸಿನಿಮಾ, ಸಂಗೀತ, ಕಾರ್ಯಾಗಾರ ಆಗಾಗ ಇರುತ್ತವೆ. 2014ರ ಕೊನೆಗೆ ಇಲ್ಲಿ ಸೆನ್ಸೋರಿಯಂ ಅನ್ನುವ ಛಾಯಾಚಿತ್ರ ಉತ್ಸವವೇ ನಡೆದಿತ್ತು.

ನನ್ನನ್ನು ಕೇಳಿದರೆ, ಉತ್ಸವಕ್ಕಿಂತ ಇದು ಹೆಚ್ಚು ಹಿಡಿಸಿತು. ಜನ ಕಡಿಮೆ. ಒಂದು ಚಿತ್ರದ ಮುಂದೆ ಹದಿನೈದು ನಿಮಿಷ ನಿಂತರೂ ಹಿಂದಿನಿಂದ ಯಾರೂ ತಳ್ಳುವುದಿಲ್ಲ. ಮಗಳು ಅಂಗಳದಲ್ಲಿ ಕೂತು ಸ್ಕೆಚ್ ಮಾಡಿದಳು. ಅಲ್ಲಿಯ ಕೆಲಸಗಾರರೊಬ್ಬರು ತಾವಾಗಿಯೇ ಬಂದು ಅವಳ ಪುಸ್ತಕ ತಿರುವಿ ನೋಡಿ, ಕಾಲೇಜು ಸೇರುವ ಬಗ್ಗೆ ಅವಳಿಗೆ ಎಷ್ಟೋ ವಿಷಯ ಹೇಳಿದರು. ಚಿತ್ರಕಲೆ ಓದಬೇಕು ಅನ್ನುವ ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಹಾಗೆ ಬದುಕುವವರನ್ನು ಕಣ್ಣಾರೆ ನೋಡುವುದು ಬಹಳ ಮುಖ್ಯ, ಅಲ್ವಾ?

ಒಂದು ಪ್ರದರ್ಶನ ಇಳಿಸಿ ಇನ್ನೊಂದು ಏರಿಸುವ ನಡುವಿನ ದಿನಗಳಲ್ಲಿ ಯಾವ ಗ್ಯಾಲರಿಯೂ ಖಾಲಿ ಇರುತ್ತದೆ. ಫೋನ್ ಮಾಡಿ ಕೇಳದೆ ಗುಡ್ಡ ಹತ್ತಬೇಡಿ. ಏರು ಜಾಸ್ತಿ, ಮಧ್ಯಾಹ್ನದ ಬಿಸಿಲಲ್ಲಿ ನಡೆಯುವುದು ಕಷ್ಟ. ಬೆಳಿಗ್ಗೆ ಹೋಗಿ.

ಬಿಡುವಿದ್ದರೆ

ಆಜಾದ್ ಮೈದಾನದ ಎದುರಿನ ಮಿನೇಜಿಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶದ ಹಾಲಿನಲ್ಲಿ ನೀಲಿ ಬಿಳಿ ಹೆಂಚಿನ ದೊಡ್ಡ ಚಿತ್ರಗಳಿವೆ. 1935ರಲ್ಲಿ ಪೋರ್ಚುಗೀಸ್ ಕಲಾವಿದ ಜಾರ್ಜ್ ಕೊಲಾಸೊ ಮಾಡಿದ್ದು. ಹತ್ತಿರ ಹೋದರೆ ಒಂದೊಂದು ಹೆಂಚಿನಲ್ಲೂ ಕುಂಚದ ಎಳೆತ ಎಣಿಸಬಹುದು.

ನದಿ ದಂಡೆಯ ಆದಿಲ್ ಶಾಹಿ ಅರಮನೆಯನ್ನು ವಿಜಯಪುರದವರು ತಪ್ಪಿಸಲೇಬಾರದು. ನಿಮ್ಮ ಊರಿನ ಯೂಸುಫ್ ಆದಿಲ್ ಶಾಹ ಸುಮಾರು 1500ರಲ್ಲಿ ಕಟ್ಟಿಸಿದ್ದು ಅದು. 1510ರಲ್ಲಿ ಪೋರ್ಚುಗೀಸರ ಕೈಗೆ ಹೋಗಿ, ಬಹಳ ಬದಲಾಗಿ, 2000ದವರೆಗೂ ಗೋವಾ ವಿಧಾನಸಭೆ ಅಲ್ಲೇ ನಡೆಯಿತು. ಆಮೇಲೆ ಅದರೊಳಗೆ ಕಲಾ ಪ್ರದರ್ಶನಗಳೂ ನಡೆದಿವೆ. ಪಕ್ಕದಲ್ಲೇ ಅಬ್ಬೆ ಫಾರಿಯಾ ಪ್ರತಿಮೆ. ಸಮ್ಮೋಹನ ವಿದ್ಯೆಯ ಆ ಗೋವಾ ಪಾದ್ರಿ ಕೈ ಚಾಚಿ ಬಾಗಿದ್ದಾನೆ, ಹೆಂಗಸು ಹಿಂದಕ್ಕೆ ಬೀಳುತ್ತಿದ್ದಾಳೆ. 1945ರಲ್ಲಿ ರಾಮಚಂದ್ರ ಪಾಂಡುರಂಗ ಕಾಮತ್ ಮಾಡಿದ ಶಿಲ್ಪ. ಸುತ್ತು ಹಾಕಿ ನೋಡಿ, ಒಂದೊಂದು ಬದಿಯಿಂದ ಒಂದೊಂದು ಥರ ಭಯ ಹುಟ್ಟಿಸುತ್ತದೆ.

ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿಯಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಒಳಗೆ ಹೋಗಿ. ಸಭಾಂಗಣದ ಗೋಡೆಗಳ ಮೇಲೆ ಮಾರಿಯೋ ಮಿರಾಂಡಾ ಚಿತ್ರಿಸಿದ ಪ್ರೇಕ್ಷಕರು ನಿಮ್ಮ ಜೊತೆ ಕೂತು ನಾಟಕ ನೋಡುತ್ತಾರೆ.

ಗಾಡಿ ಇದ್ದವರು ಮಾಂಡೋವಿ ಸೇತುವೆ ದಾಟಿ ಪಿಳರ್ಣೆಯ ಮ್ಯೂಸಿಯಂ ಆಫ್ ಗೋವಾಕ್ಕೂ ಹೋಗಬಹುದು. ವೈದ್ಯಕೀಯ ಓದಿ ಕಲಾವಿದರಾದ ಸುಬೋಧ್ ಕೇರ್ಕರ್ 2015ರಲ್ಲಿ ಕೈಗಾರಿಕಾ ಪ್ರದೇಶದ ಮಧ್ಯೆ ಕಟ್ಟಿದ್ದು. ಇಲ್ಲಿ ಟಿಕೆಟ್ ಇದೆ. ಮೆಣಸಿನಕಾಯಿ, ಕಪ್ಪೆಚಿಪ್ಪು, ಹಳೆ ದೋಣಿಯ ಕಟ್ಟಿಗೆ ಇಂಥವುಗಳಿಂದ ಅವರು ಗೋವಾದ ಚರಿತ್ರೆ ಹೇಳುತ್ತಾರೆ. ಮೆಣಸಿನಕಾಯಿ ನಮ್ಮ ದೇಶಕ್ಕೆ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಅಂದರೆ ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಮಕ್ಕಳು ಮೊದಲು ನಂಬುವುದೇ ಇಲ್ಲ. ಚಿಕ್ಕ ಮಕ್ಕಳಿಗೆ ಎಲ್ಲಕ್ಕಿಂತ ಇದೇ ಹಿಡಿಸುತ್ತದೆ.

ಕೊನೆಗೆ ಕೆಲವು ಮಾತು

ಫೋಟೋ ತೆಗೆಯುವ ಮುಂಚೆ ಕೇಳಿ. ಫ್ಲಾಶ್ ಎಲ್ಲೂ ಬೇಡ. ಕೈಯಲ್ಲಿ ದೊಡ್ಡ ಚೀಲ ಇದ್ದರೆ ಕೆಲವು ಕಡೆ ಬಾಗಿಲಲ್ಲೇ ಇಡಬೇಕಾಗುತ್ತದೆ. ನೀರಿನ ಬಾಟಲಿ, ತೆಳು ಹತ್ತಿ ಬಟ್ಟೆ, ಸುಲಭವಾಗಿ ಕಳಚುವ ಚಪ್ಪಲಿ ಇರಲಿ, ಡಿಸೆಂಬರ್‌ನಲ್ಲೂ ಹಗಲು ಸೆಕೆಯೇ. ಬರುವಾಗ ಕಣಕುಂಬಿಯ ತಪಾಸಣೆ ನಾಕಾದಲ್ಲಿ ಅಬಕಾರಿಯವರು ಗಾಡಿ ನೋಡುತ್ತಾರೆ, ಬಾಟಲಿ ತರುವ ಆಸೆ ಬಿಡಿ. ಮಧ್ಯಾಹ್ನ ಎರಡಕ್ಕೆ ಪಣಜಿ ಬಿಟ್ಟರೆ ಬೆಳಕಿರುವಾಗಲೇ ಘಾಟು ಹತ್ತಿ, ದೀಪ ಹಚ್ಚುವ ಹೊತ್ತಿಗೆ ಬೆಳಗಾವಿ ಸೇರಬಹುದು. ಡಿಸೆಂಬರ್‌ನಲ್ಲಿ ಆಗದವರು ಜನವರಿ, ಫೆಬ್ರವರಿಯಲ್ಲಿ ಸುನಾಪರಾಂತದ ಕಾರ್ಯಕ್ರಮ ನೋಡಿಕೊಂಡು ಹೊರಡಿ. ಆಗ ರೂಮೂ ಸುಲಭವಾಗಿ ಸಿಗುತ್ತದೆ.