ಬಾಣ ಯಾವ ಕಡೆಗೆ?

ನಮ್ಮ ಕೆಮಿಸ್ಟ್ರಿ ಮೇಷ್ಟ್ರಿಗೆ ಬಾಣದ ಹುಚ್ಚು. ಬೋರ್ಡಿನ ಮೇಲೆ ಯಾವ ಅಣು ಬರೆದರೂ ಎರಡು ಪರಮಾಣುಗಳನ್ನು ಹಿಡಿದಿಡುವ ಪ್ರತಿ ಬಾಂಡಿನ ಪಕ್ಕ ಒಂದು ಬಾಣ ಬೀಳಲೇಬೇಕು. ಎಲೆಕ್ಟ್ರಾನು ಯಾರ ಕಡೆ ಜಾಸ್ತಿ ವಾಲಿದೆಯೋ ಆ ಕಡೆಗೆ ಬಾಣದ ತುದಿ. ಅಲ್ಲಿ ಡೆಲ್ಟಾ ಮೈನಸ್, ಅಂದರೆ ಚೂರು ನೆಗೆಟಿವ್; ಈ ಕಡೆ ಡೆಲ್ಟಾ ಪ್ಲಸ್, ಚೂರು ಪಾಸಿಟಿವ್. ಚಾರ್ಜು ಪೂರ್ತಿ ಕೈ ಬದಲಾಗುವುದಿಲ್ಲ, ಸ್ವಲ್ಪ ವಾಲುತ್ತದೆ ಅಷ್ಟೇ ಎನ್ನುತ್ತಿದ್ದರು.

ಒಂದು ದಿನ ಮುಂದಿನ ಬೆಂಚಿನ ಮೂವರನ್ನು ಎಬ್ಬಿಸಿದರು. ನಡುವಿನವನು ಕಾರ್ಬನ್, ಅಕ್ಕಪಕ್ಕದವರು ಆಕ್ಸಿಜನ್. ಇಬ್ಬರೂ ಎರಡು ಕಡೆಯಿಂದ ಅವನ ಕೈ ಹಿಡಿದು ಎಳೆದರು. ಬಡಪಾಯಿ ನಿಂತಲ್ಲೇ ನಿಂತ. ಕಾರ್ಬನ್ ಡೈಆಕ್ಸೈಡಿನ ಡೈಪೋಲ್ ಮೊಮೆಂಟ್, ಅಂದರೆ ಎಲ್ಲ ಬಾಣ ಸೇರಿಸಿದ ಮೇಲೆ ಉಳಿಯುವ ವಾಲಿಕೆಯ ಅಳತೆ, ಸೊನ್ನೆ! ಆಮೇಲೆ ಇಬ್ಬರನ್ನೂ ಒಂದೇ ಪಕ್ಕಕ್ಕೆ ಓರೆಯಾಗಿ ನಿಲ್ಲಿಸಿ ಎಳೆಸಿದರು. ನಡುವಿನವನು ಮುಗ್ಗರಿಸಿ ಮೇಜಿಗೆ ಬಂದು ಬಡಿದ. "ಇದು ನೀರು ಕಣ್ರಪ್ಪಾ. ಇಲ್ಲಿ ಎಳೆಯೋನು ನಡುವಿನವನೇ, ಆದರೆ ಲೆಕ್ಕ ಅದೇ. ಕೋನ 104.5 ಡಿಗ್ರಿ, ಮೊಮೆಂಟ್ 1.85 ಡಿಬೈ." ಡಿಬೈ ಅನ್ನೋದು ಈ ಮೊಮೆಂಟಿನ ಅಳತೆಯ ಮಾನ; ಆ ಹೆಸರು 1936ರಲ್ಲಿ ನೊಬೆಲ್ ಪಡೆದ ಪೀಟರ್ ಡಿಬೈ ಅವರದು. ಅಷ್ಟು ಹೇಳಿ ಮುಂದಕ್ಕೆ ಹೋದರು.

ನನಗೆ ನಿಜವಾಗಿ ರುಚಿ ಹತ್ತಿದ್ದು ಅಮೋನಿಯಾದ ಪಾಠದಲ್ಲಿ. ಅಮೋನಿಯಾ, ನೈಟ್ರೋಜನ್ ಟ್ರೈಫ್ಲೋರೈಡ್ ಎರಡನ್ನೂ ಬರೆದು, ಯಾವುದು ಹೆಚ್ಚು ಪೋಲಾರ್, ಅಂದರೆ ಯಾವುದರ ಮೊಮೆಂಟ್ ದೊಡ್ಡದು ಅಂತ ಕೇಳಿದರು. ಇಡೀ ಕ್ಲಾಸು ಫ್ಲೋರಿನ್ ಇರೋದೇ ಅಂತ ಕೂಗಿತು. ಎಳೆಯುವುದರಲ್ಲಿ ಫ್ಲೋರಿನ್ನಿಗಿಂತ ಗಟ್ಟಿಗ ಯಾರು? ಮೇಷ್ಟ್ರು ಮಾತಾಡದೆ ಬಾಣ ಬರೆದರು. ಎರಡರಲ್ಲೂ ನೈಟ್ರೋಜನ್ನಿನ ತಲೆಯ ಮೇಲೆ ಒಂದು ಲೋನ್ ಪೇರ್ (ಯಾವ ಬಾಂಡಿಗೂ ಸೇರದ ಎಲೆಕ್ಟ್ರಾನ್ ಜೋಡಿ) ಇದೆ, ಅದರ ಬಾಣ ಮೇಲಕ್ಕೆ. ಅಮೋನಿಯಾದಲ್ಲಿ ಹೈಡ್ರೋಜನ್ನಿನಿಂದ ನೈಟ್ರೋಜನ್ನಿನ ಕಡೆಗೆ ಹೋಗುವ ಮೂರು ಬಾಣಗಳೂ ಮೇಲಕ್ಕೇ. ಎಲ್ಲ ಸೇರಿ 1.47 ಡಿಬೈ. ಇನ್ನೊಂದರಲ್ಲಿ ಫ್ಲೋರಿನ್ನುಗಳು ಕೆಳಕ್ಕೆ ಎಳೆಯುತ್ತವೆ, ಲೋನ್ ಪೇರ್ ಮೇಲಕ್ಕೆ. ಒಂದಕ್ಕೊಂದು ಹೊಡೆದು ಹಾಕಿ ಉಳಿಯುವುದು ಬರೀ 0.23. ಪರೀಕ್ಷೆಗೆ ಇದನ್ನು ಸುಮ್ನೆ ಬಾಯಿಪಾಠ ಮಾಡುವವರೂ ಇದ್ದರು. ಆ ನಾಲ್ಕು ಬಾಣ ಕಂಡ ಮೇಲೆ ಬಾಯಿಪಾಠ ಯಾಕೆ ಬೇಕು, ಅಲ್ವಾ?

ಲ್ಯಾಬಿನಲ್ಲೂ ಅದೇ ಕಥೆ. ಕೊಟ್ಟ ಲವಣದಲ್ಲಿ ಏನಿದೆ ಎಂದು ಪತ್ತೆ ಹಚ್ಚುವ ಸಾಲ್ಟ್ ಅನಾಲಿಸಿಸ್‌ನಲ್ಲಿ ಅಯೋಡೈಡಿಗೆ ಲೇಯರ್ ಟೆಸ್ಟ್ ಮಾಡುತ್ತಿದ್ದೆವು. ದ್ರಾವಣಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್, ಕ್ಲೋರಿನ್ ವಾಟರ್ ಹಾಕಿ ಚೆನ್ನಾಗಿ ಕುಲುಕಿದರೆ ಅಯೋಡೈಡಿನಿಂದ ಅಯೋಡಿನ್ ಬಿಡುಗಡೆಯಾಗಿ ತಳದಲ್ಲಿ ಚಂದದ ನೇರಳೆ ಪದರ. "ಅಯೋಡಿನ್ ನೀರು ಬಿಟ್ಟು ಅಲ್ಲಿಗೆ ಯಾಕೆ ಹೋಯ್ತು?" ಅಂತ ಹಿಂದಿನಿಂದ ಮೇಷ್ಟ್ರ ದನಿ. ಕಾರ್ಬನ್–ಕ್ಲೋರಿನ್ ಬಾಂಡು ಪೋಲಾರ್, ಆದರೆ ನಾಲ್ಕು ದಿಕ್ಕಿನ ನಾಲ್ಕು ಬಾಣ ಸೇರಿದರೆ ಸೊನ್ನೆ. ಅಯೋಡಿನ್ ಅಣುವಿಗೂ ಮೊಮೆಂಟ್ ಇಲ್ಲ. ಅದಕ್ಕೇ ಅವೆರಡಕ್ಕೂ ಹೊಂದಾಣಿಕೆ. ಒಂದು ಕ್ಲೋರಿನ್ ತೆಗೆದು ಹೈಡ್ರೋಜನ್ ಕೂರಿಸಿ, ಕ್ಲೋರೋಫಾರ್ಮ್ ಆಗುತ್ತದೆ. ಲೆಕ್ಕ ತಪ್ಪಿ ಸುಮಾರು 1 ಡಿಬೈ ಬರುತ್ತದೆ.

ಓಝೋನ್ ಪದರವನ್ನು ಹಾಳು ಮಾಡುತ್ತದೆಂದು ಮಾಂಟ್ರಿಯಲ್ ಒಪ್ಪಂದದಡಿ ಕಾರ್ಬನ್ ಟೆಟ್ರಾಕ್ಲೋರೈಡಿಗೆ ಕಡಿವಾಣ ಬಿದ್ದಿದೆ. ಲಿವರಿಗೂ ಅದು ಕೆಟ್ಟದ್ದೇ. ಈಗ ನಮ್ಮ ಲ್ಯಾಬಿನಲ್ಲಿ ಏನು ಕೊಡುತ್ತಾರೋ, ಈಗಿನ ಹುಡುಗರೇ ಹೇಳಬೇಕು. ಹೆಕ್ಸೇನ್ ಕೊಟ್ಟರೆ ಮಾತ್ರ ತಳದಲ್ಲಿ ಹುಡುಕಬೇಡಿ. ಅದು ನೀರಿಗಿಂತ ಹಗುರ, ನೇರಳೆ ಪದರ ಮೇಲೇ ತೇಲುತ್ತದೆ.