ಈ 32 ಎಂತದ್ದು?

"ಈ 32 ಎಂತದ್ದು? ಗೋಣಿಗೆ ಕಳೆಯುದಾ?"

ಪೆರ್ಲ ಕಡೆಯಿಂದ ಅಡಿಕೆ ತಂದಿದ್ದ ಹಿರಿಯರೊಬ್ಬರು ಕೇಳಿದ ಮಾತಿದು. ಈ ವಾರವಿಡೀ ತಲೆಯಿಂದ ಹೋಗಿಲ್ಲ.

ಬದಿಯಡ್ಕದ ಶೆಟ್ರ ಅಡಿಕೆ ಅಂಗಡಿಯಲ್ಲಿ ತೂಕದ ಯಂತ್ರಕ್ಕೆ ಹಳೆಯ ಲಿನಕ್ಸ್ ಕಂಪ್ಯೂಟರ್ ಒಂದನ್ನು ಜೋಡಿಸಿದ್ದಾರೆ. ಗೋಣಿ ಇಟ್ಟ ಕೂಡಲೇ ಪರದೆಯಲ್ಲಿ ತೂಕ ಒಂದು ಸಾಲಾಗಿ ಬರುತ್ತದೆ. ಆದರೆ ಪರದೆ ಇರುವುದು ಶೆಟ್ರ ಕಡೆಗೆ. ಅಡಿಕೆ ತಂದವರಿಗೆ ಕಾಣುವುದು ಅದರ ಬೆನ್ನು. "ಎಲ್ಲರಿಗೂ ಕಾಣುವ ಹಾಗೆ ಟೀವಿಯಲ್ಲಿ ಬರಲಿ ಮಾರಾಯ್ರೆ, ಸುಮ್ನೆ ಸಂಶಯ ಯಾಕೆ" ಅಂತ ಶೆಟ್ರೇ ಹೇಳಿದ್ದು. ಬೆಂಗಳೂರಿನಲ್ಲಿರುವ ಅವರ ಅಳಿಯ ಫೋನಿನಲ್ಲೇ ತೀರ್ಪು ಕೊಟ್ಟಿದ್ದ: ಎಲ್ಲ ಬಿಸಾಡಿ, ಹೊಸದು ಹಾಕಿ. ದೂರದಲ್ಲಿ ಕೂತವರಿಗೆ ಬಿಸಾಡುವುದು ಬಹಳ ಸುಲಭ.

ತೂಕದ ಪ್ರೋಗ್ರಾಂ ಬರೆದವರು ಫೋನ್ ಎತ್ತುವುದಿಲ್ಲ. ಸೋರ್ಸ್ ಕೋಡ್ ಇಲ್ಲ. ಹಾಗಾಗಿ ಅದು ಪರದೆಗೆ ಬರೆಯುವುದನ್ನೇ ಪೈಪ್ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಹರಿಸುವ ಕೊಳವೆ) ಮೂಲಕ ಹಿಡಿದು ಟೀವಿಗೆ ಕೊಡುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆ. ಟೀವಿ ಖಾಲಿ. ಗೋಣಿ ಮೇಲೆ ಗೋಣಿ ಇಟ್ಟರೂ ಖಾಲಿ.

ಕಾರಣ ಹಳೆಯದೇ. ಸಿ ಭಾಷೆಯ ಪ್ರೋಗ್ರಾಂ ಹೊರಗೆ ಬರೆಯುವ ಮೊದಲು ಅದರ ಲೈಬ್ರರಿ (ಪ್ರೋಗ್ರಾಂ ಬಳಸುವ ಸಿದ್ಧ ಕೋಡ್) ಒಂದು ವಿಷಯ ನೋಡಿಕೊಳ್ಳುತ್ತದೆ: ಎದುರಿಗೆ ಇರುವುದು ಟರ್ಮಿನಲ್ಲಾ, ಅಂದರೆ ಮನುಷ್ಯ ಕೂತು ಓದುವ ಅಕ್ಷರದ ಪರದೆಯಾ? ಹೌದಾದರೆ ಮನುಷ್ಯ ಕಾಯುತ್ತಿದ್ದಾನೆ ಎಂದು ಸಾಲು ಮುಗಿದ ಹಾಗೆ ಕಳಿಸುತ್ತದೆ. ಅಲ್ಲವಾದರೆ ಅವಸರ ಇಲ್ಲ, ಬಫರ್ ಎಂಬ ತಾತ್ಕಾಲಿಕ ಸಂಗ್ರಹ ತುಂಬಿದ ಮೇಲೆ ಒಟ್ಟಿಗೆ ಕಳಿಸುತ್ತದೆ. ಲಿನಕ್ಸ್‌ನಲ್ಲಿ ಪೈಪ್‌ಗೆ ಈ ಬಫರ್ ಸಾಮಾನ್ಯವಾಗಿ 4096 ಬೈಟ್. ತೂಕದ ಒಂದು ಸಾಲಿಗೆ 20 ಬೈಟ್ ಹಿಡಿದರೂ 200 ಗೋಣಿ ದಾಟಬೇಕು. ಅಷ್ಟರಲ್ಲಿ ಮೊದಲ ಗೋಣಿಯವರು ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾರೆ. ಈ ಅಭ್ಯಾಸ ಬಿಡಿಸಲು ಸ್ಟಡ್‌ಬಫ್ ಎಂಬ ಕಮಾಂಡ್ ಉಂಟು. ಆದರೆ ನಮ್ಮ ಪ್ರೋಗ್ರಾಂ ಲೈಬ್ರರಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಸ್ಟ್ಯಾಟಿಕ್ ಜಾತಿಯದ್ದು, ಅದರ ಹತ್ತಿರ ಸ್ಟಡ್‌ಬಫ್ ಆಟ ನಡೆಯುವುದಿಲ್ಲ.

ಉಳಿದದ್ದು ಸ್ಯೂಡೋ ಟರ್ಮಿನಲ್, ಅಂದರೆ ನಕಲಿ ಟರ್ಮಿನಲ್, ಚಿಕ್ಕದಾಗಿ ಪಿಟಿವೈ. ಲಿನಕ್ಸಿನ ತಿರುಳಾದ ಕರ್ನಲ್ ಹತ್ತಿರ ಕೇಳಿದರೆ ಎರಡು ತುದಿ ಕೊಡುತ್ತದೆ. ಒಂದು ತುದಿ ನನ್ನ ಪ್ರೋಗ್ರಾಂ ಕೈಯಲ್ಲಿ, ಇನ್ನೊಂದು ತೂಕದ ಪ್ರೋಗ್ರಾಂ ಎದುರಿಗೆ. ಅದಕ್ಕೆ ಕಾಣುವುದು ಅಪ್ಪಟ ಟರ್ಮಿನಲ್. ಬೇರೆ ಪ್ರೋಗ್ರಾಂಗಳನ್ನು ಮನುಷ್ಯನ ಬದಲು ತಾನೇ ನಡೆಸುವ 1990ರ ಎಕ್ಸ್‌ಪೆಕ್ಟ್ ನಿಂತಿರುವುದೇ ಇದರ ಮೇಲೆ, ಅದರ ಜತೆ ಬರುವ ಅನ್‌ಬಫರ್ ಎಂಬ ಕಮಾಂಡ್ ಮಾಡುವುದೂ ಇದನ್ನೇ. ನನಗೆ ಪೈಥಾನ್‌ನ ಪಿಟಿವೈ ಸಾಕಾಯಿತು. ಗೋಣಿ ಇಟ್ಟರು, ಟೀವಿಯಲ್ಲಿ ತೂಕ ಬಂತು. ಇನ್ನೊಂದು ಇಟ್ಟರು, ಬಂತು. ಶೆಟ್ರು ಹಿರಿಹಿರಿ ಹಿಗ್ಗಿದರು.

ಆದರೆ ಟರ್ಮಿನಲ್ ಎಂದು ನಂಬಿದ ಪ್ರೋಗ್ರಾಂ ಸಿಂಗಾರಕ್ಕೂ ಇಳಿದಿತ್ತು. ತೂಕವನ್ನು ಹಸಿರು ಬಣ್ಣದಲ್ಲಿ ತೋರಿಸುವ ಸಂಕೇತವನ್ನೂ ಸೇರಿಸಿ ಕಳಿಸಿತು. ಟೀವಿಗೆ ಅದು ಅರ್ಥವಾಗದೆ ಇದ್ದ ಹಾಗೆಯೇ ತೋರಿಸಿತು: ಒಂದು ಚೌಕ ಕಂಸ, 32, ಒಂದು ಇಂಗ್ಲಿಷ್ ಎಮ್, ಆಮೇಲೆ ತೂಕ. ಆಗ ಬಂದದ್ದೇ ಆ ಪ್ರಶ್ನೆ.

"ಕಳೆಯುದಲ್ಲ, ಅದು ಹಸಿರು ಬಣ್ಣ" ಎಂದೆ.

ಅವರು ಕನ್ನಡಕ ಸರಿಮಾಡಿ ಟೀವಿ ನೋಡಿದರು. "ಹಸಿರು ಎಲ್ಲುಂಟು?"

ಎಲ್ಲೂ ಇರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಶೆಟ್ರು ನನ್ನ ಮುಖ ನೋಡಿದರು. ಗೋಣಿ ಎತ್ತುವ ಹುಡುಗರು ನಗು ತಡೆದುಕೊಂಡರು. ಆ ಹಿರಿಯರ ಮುಖದಲ್ಲಿ ಮಾತ್ರ ನಗು ಇಲ್ಲ.

ನಗು ಬರುವುದಾದರೂ ಹೇಗೆ? ಗೋಣಿಗೆ ಇಷ್ಟು, ತೇವಕ್ಕೆ ಇಷ್ಟು ಅಂತ ಕಳೆಯುವುದನ್ನು ಅವರು ಜೀವಮಾನವಿಡೀ ನೋಡಿದ್ದಾರೆ. ತೂಕದ ಪಕ್ಕ ಹೇಳದೆ ಕೇಳದೆ ಒಂದು ಸಂಖ್ಯೆ ಬಂತೆಂದರೆ ಅದು ತನ್ನ ಕಿಸೆಯಿಂದ ಹೋಗುವುದೇ ಎಂದು ಅವರ ಲೆಕ್ಕ. ನನ್ನ ವಿವರಣೆಗಿಂತ ಆ ಲೆಕ್ಕಕ್ಕೇ ಅನುಭವದ ಬಲ ಜಾಸ್ತಿ. ಶೆಟ್ರು ಒಳ್ಳೆಯ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಇಷ್ಟು ವರ್ಷ ಪರದೆ ಅವರ ಕಡೆಗೇ ಇತ್ತಲ್ವಾ?

ಎದುರಿಗೆ ಯಾರು ಎಂದು ನೋಡಿ ವರ್ತನೆ ಬದಲಿಸುವ ಪ್ರೋಗ್ರಾಮನ್ನು ಬೈಯುವುದೂ ನನಗೆ ಕಷ್ಟ. ನಮ್ಮ ಕುಂಬಳೆ ಬಸ್ಸಿನ ಕಂಡಕ್ಟರ್ ಮುಖ ನೋಡಿಯೇ ಕನ್ನಡವೋ ಮಲಯಾಳವೋ ತುಳುವೋ ಎಂದು ತೀರ್ಮಾನ ಮಾಡುತ್ತಾರೆ, ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಇನ್ನು ಟರ್ಮಿನಲ್ ವೇಷ ಹಾಕಿದ ಪಿಟಿವೈಯನ್ನು ಸುಳ್ಳು ಅನ್ನೋಣ ಎಂದರೆ, ನಿಜವಾದ ಟರ್ಮಿನಲ್ ಈಗ ಯಾರ ಮೇಜಿನ ಮೇಲುಂಟು? ನಾವು ತೆರೆಯುವ ಟರ್ಮಿನಲ್ ಕಿಟಕಿ, ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್, ಒಂದೇ ಕಿಟಕಿಯಲ್ಲಿ ಹಲವು ಟರ್ಮಿನಲ್ ಕೊಡುವ ಟಿಮಕ್ಸ್, ಎಲ್ಲದರ ಒಳಗೂ ಇದೇ ವೇಷ. ಹಿಂದೆ ಟರ್ಮಿನಲ್ ಆಗಿದ್ದ ಟೆಲಿಟೈಪ್ ಯಂತ್ರಗಳು ಮೂಲೆ ಸೇರಿ ಎಷ್ಟು ಕಾಲವಾಯಿತು. ಅವುಗಳ ಎದುರು ಕೂತಂತೆಯೇ ಪ್ರೋಗ್ರಾಂಗಳು ಇನ್ನೂ ಮರ್ಯಾದೆಯಿಂದ ಮಾತಾಡುತ್ತಿವೆ.

ಬಣ್ಣದ ಸಂಕೇತ ತೆಗೆಯಲು ಒಂದು ಸಾಲು ಕೋಡ್ ಸಾಕಾಯಿತು. ಪಿಟಿವೈ ಪ್ರತಿ ಸಾಲಿನ ಕೊನೆಗೆ ಸೇರಿಸುವ ಕ್ಯಾರೇಜ್ ರಿಟರ್ನನ್ನೂ (ಸಾಲಿನ ಆರಂಭಕ್ಕೆ ಮರಳಲು ಹೇಳುವ ಸಂಕೇತ) ಅಲ್ಲೇ ಒರೆಸಿದೆ. ಆ ಹಿರಿಯರು ಅಷ್ಟು ಹೊತ್ತು ಬೆಂಚಿನಲ್ಲೇ ಕೂತಿದ್ದು, ಎಲ್ಲ ಗೋಣಿಗಳನ್ನೂ ಮತ್ತೊಮ್ಮೆ ತೂಗಿಸಿದರು. ಟೀವಿಯ ತೂಕವನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಂಡು, ಶೆಟ್ರ ಚೀಟಿಯ ಜತೆ ತಾಳೆ ನೋಡಿಯೇ ಹಣ ಎಣಿಸಿದರು.

ಈಗ ಶೆಟ್ರಿಗೆ ಅಡಿಕೆ ದರವೂ ಟೀವಿಯಲ್ಲಿ ಬರಬೇಕಂತೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ದರ ಹೇಳುವುದನ್ನು ಬಿಟ್ಟರೆ ಮಾಡಿಕೊಡ್ತೇನೆ ಎಂದೆ. "ಅದು ಮಾರ್ಕೆಟ್ ಮಾರಾಯ್ರೆ, ನಾನಲ್ಲ" ಎಂದು ನಕ್ಕು, ಎರಡು ಚಾಯಕ್ಕೆ ಹೇಳಿದರು.