ಗುಲ್ಮಾರ್ಗ್‌ಗೆ ಹೊರಟಿದ್ದೀರಾ? ಮೊದಲು ಆ ಹತ್ತಿ ಬನಿಯನ್ ತೆಗೆದಿಡಿ

ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಸ್ಕೀಯಿಂಗ್ ಕಲಿಯಲು ಹೊರಡುವ ನಮ್ಮ ಚಿಕ್ಕಮಗಳೂರು ಕಡೆಯವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಸ್ವೆಟರ್ ಬೇಕಾಗುತ್ತೆ? ಬ್ಯಾಗು ತೆಗೆದು ನೋಡಿದರೆ ಎರಡು ದಪ್ಪ ಸ್ವೆಟರ್, ಮಂಕಿ ಟೋಪಿ, ನಾಲ್ಕೈದು ಜೊತೆ ಉಣ್ಣೆ ಸಾಕ್ಸ್, ಒಳಗೆ ಹಾಕಲು ಹೊಸ ಬನಿಯನ್. ಇಷ್ಟೆಲ್ಲ ಹೊತ್ತು ಹೋದವರೇ ಮಧ್ಯಾಹ್ನದ ಹೊತ್ತಿಗೆ ಗಡಗಡ ನಡುಗುತ್ತಾ ಕೋಣೆಗೆ ವಾಪಸ್ ಬರುತ್ತಾರೆ. ಸ್ಕೀಯಿಂಗ್ ಮಾಡುವಾಗ ಚಳಿ ಹಿಡಿಯುವುದು ಬಟ್ಟೆ ಕಡಿಮೆಯಾದದ್ದಕ್ಕಿಂತ ಹೆಚ್ಚಾಗಿ ಒಳಗಿನ ಬಟ್ಟೆ ಒದ್ದೆಯಾದದ್ದಕ್ಕೆ.

ಕಲಿಯುವವರಿಗೆ ಶುರುವಿನಲ್ಲಿ ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನ ಸುಖ ಇರುವುದಿಲ್ಲ. ಸ್ಕೀಗಳನ್ನು (ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದನೆಯ ಪಟ್ಟಿ) ಇಳಿಜಾರಿಗೆ ಅಡ್ಡಲಾಗಿ ಇಟ್ಟು, ಪಕ್ಕಕ್ಕೆ ಒಂದೊಂದೇ ಹೆಜ್ಜೆ ಎತ್ತಿಡುತ್ತಾ ಮೇಲೆ ಹತ್ತಬೇಕು. ಒಂದೊಂದು ಕಾಲಿಗೂ ಬೂಟು, ಸ್ಕೀ ಸೇರಿ ನಾಲ್ಕೈದು ಕೆ.ಜಿ. ಭಾರ. ಹತ್ತೇ ನಿಮಿಷದಲ್ಲಿ ಬೆನ್ನು ನೆನೆಯುತ್ತದೆ. ಇಳಿಯುವುದಕ್ಕೆ ಅರ್ಧ ನಿಮಿಷವೂ ಬೇಡ. ಆಮೇಲೆ ಬೀಳುವುದು, ಏಳುವುದು, ಗುರುಗಳು ಉಳಿದವರಿಗೆ ಹೇಳಿಕೊಡುವ ತನಕ ಗಾಳಿಯಲ್ಲಿ ನಿಲ್ಲುವುದು. ಹತ್ತುವಾಗ ಬಂದ ಬೆವರು ನಿಂತಾಗ ತಣ್ಣಗಾಗುತ್ತದೆ. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಬೆವರು ಆರುವಾಗಲೂ ಮೈಯ ಶಾಖವನ್ನೇ ಎಳೆದುಕೊಂಡು ಆರುತ್ತದೆ. ಚೆನ್ನಾಗಿ ಕಲಿತವರಿಗಿಂತ ಹೊಸಬರೇ ಹೆಚ್ಚು ಬೆವರುತ್ತಾರೆ, ಹೆಚ್ಚು ಹೊತ್ತು ನಿಲ್ಲುತ್ತಾರೆ. ಹಾಗಾಗಿ ಬಟ್ಟೆಯ ವಿಚಾರದಲ್ಲಿ ಜಾಸ್ತಿ ಎಚ್ಚರ ಬೇಕಾದದ್ದೂ ಅವರಿಗೇ.

ಮಲೆನಾಡಿನವರಿಗೆ ಇದು ಹೊಸ ಪಾಠವೇನಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಗದ್ದೆಯಲ್ಲಿ ದಿನವಿಡೀ ಮಳೆಗೆ ಬೆನ್ನು ಕೊಟ್ಟವರನ್ನು ನೆನಪಿಸಿಕೊಳ್ಳಿ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಎಳೆಗಳು ಸುರುಳಿಯಾಗಿರುವುದರಿಂದ ನಡುವೆ ಗಾಳಿ ಉಳಿದುಕೊಳ್ಳುತ್ತದೆ, ಬೆಚ್ಚಗಿಡುವುದು ಆ ಗಾಳಿ. ಹತ್ತಿ ಹಾಗಲ್ಲ. ನೀರು ಕುಡಿದು, ಮುದುಡಿ, ಮೈಗೆ ಅಂಟಿ ಕೂರುತ್ತದೆ, ಆರುವುದೂ ನಿಧಾನ. ಇನ್ನು ಪ್ಲಾಸ್ಟಿಕ್ ರೈನ್‌ಕೋಟ್ ತೊಟ್ಟು ತೋಟದಲ್ಲಿ ಓಡಾಡಿದವರಿಗೆ ಇನ್ನೊಂದು ವಿಷಯವೂ ಗೊತ್ತು: ಹೊರಗಿನ ಮಳೆ ಒಳಗೆ ಬರದಿದ್ದರೂ ಒಳಗಿನ ಬೆವರಿನಿಂದಲೇ ಅಂಗಿ ಒದ್ದೆ.

ಆದ್ದರಿಂದ ಮೈಗೆ ತಾಗುವ ಬಟ್ಟೆ ಮೆರಿನೋ (ನವಿರಾದ ಕುರಿಯುಣ್ಣೆಯ ಒಂದು ತಳಿ) ಉಣ್ಣೆಯದಿರಲಿ, ಇಲ್ಲವೇ ಪಾಲಿಯೆಸ್ಟರ್‌ನದು. ತೂಕ ಚದರ ಮೀಟರಿಗೆ 150ರಿಂದ 200 ಗ್ರಾಂ ಇದ್ದರೆ ಸಾಕು. ತುಂಬಾ ಚಳಿ ಅನ್ನುವವರು 250ಕ್ಕೆ ಹೋಗಬಹುದು. ಅಂಗಡಿಯಲ್ಲಿ ಥರ್ಮಲ್ ಎಂದು ಕೊಡುವುದನ್ನೆಲ್ಲ ನಂಬಬೇಡಿ, ಎಷ್ಟೋ ಥರ್ಮಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ ಇರುತ್ತದೆ. ಒಳಗಿನ ಲೇಬಲ್ ತಿರುಗಿಸಿ ಓದಿ. ಮೆರಿನೋ ಅಂಗಿಯ ಒಳಗೆ ಹತ್ತಿಯ ಬನಿಯನ್ನೋ ಬ್ರಾನೋ ಹಾಕಿಕೊಂಡರೆ ಅದಕ್ಕೆ ಕೊಟ್ಟ ದುಡ್ಡು ದಂಡ. ಅಳತೆ ಮೈಗೆ ಅಂಟುವಂತಿರಬೇಕು, ಬಿಗಿಯಬಾರದು. ಸಡಿಲವಾದರೆ ಬೆವರು ಬಟ್ಟೆಗೆ ದಾಟುವುದಿಲ್ಲ. ಎರಡು ಜೊತೆ ಇದ್ದರೆ ಒಂದನ್ನು ರಾತ್ರಿ ಒಗೆದು ಒಣಹಾಕಬಹುದು.

ಕೊಂಡದ್ದು ಸರಿಯಿದೆಯೋ ಇಲ್ಲವೋ ಅಂತ ನೋಡಲು ಕಾಶ್ಮೀರದ ತನಕ ಕಾಯಬೇಕಿಲ್ಲ. ಜನವರಿಯ ಒಂದು ಬೆಳಗ್ಗೆ ಮುಳ್ಳಯ್ಯನಗಿರಿಗೆ ಹೋಗಿ. 1,930 ಮೀಟರ್ ಎತ್ತರದ ಆ ತುದಿಯಲ್ಲಿ ಹಿಮ ಇಲ್ಲ, ಆದರೆ ಗಾಳಿ ಧಾರಾಳ. ಒಳ ಅಂಗಿ, ಫ್ಲೀಸ್ (ತುಪ್ಪಳದಂಥ ಪಾಲಿಯೆಸ್ಟರ್ ಬಟ್ಟೆ), ಮೇಲಿನ ಜಾಕೆಟ್ ಮೂರನ್ನೂ ತೊಟ್ಟು ಮೆಟ್ಟಿಲನ್ನು ಬೆವರು ಬರುವಷ್ಟು ಬಿರುಸಾಗಿ ಹತ್ತಿ. ಮೇಲೆ ಗಾಳಿಗೆ ಬೆನ್ನು ಕೊಟ್ಟು ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ಆಮೇಲೆ ಸೊಂಟದ ಹಿಂದೆ, ಬೆನ್ನುಮೂಳೆಯ ಗುಂಟ ಕೈ ಹಾಕಿ ನೋಡಿ. ಬೆಚ್ಚಗೆ, ಬಹುಪಾಲು ಒಣಗಿದ್ದರೆ ಬಟ್ಟೆ ಪಾಸ್. ತಣ್ಣಗೆ ಅಂಟಿಕೊಂಡಿದ್ದರೆ ಆ ಅಂಗಿಯನ್ನು ಮನೆಯಲ್ಲೇ ಬಿಡಿ.

ನಡುವಿನ ಪದರಕ್ಕೆ ತೆಳುವಾದ ಫ್ಲೀಸ್ ಸಾಕು, ಚದರ ಮೀಟರಿಗೆ 100 ಅಥವಾ 200 ಗ್ರಾಂ ತೂಕದ್ದು. ಒಂದು ದಪ್ಪದ್ದಕ್ಕಿಂತ ಎರಡು ತೆಳುವಾದವು ಮೇಲು, ಬೇಕಾದಾಗ ಒಂದನ್ನು ಬಿಚ್ಚಿ ಚೀಲಕ್ಕೆ ಹಾಕಬಹುದು. ಮನೆಯಲ್ಲಿ ಹೆಣೆದ ದಪ್ಪ ಸ್ವೆಟರನ್ನು ಸಂಜೆಗೆ ಇಟ್ಟುಕೊಳ್ಳಿ. ಅದನ್ನು ಹಾಕಿಕೊಂಡರೆ ತೋಳು ಆಡುವುದಿಲ್ಲ, ಬಿದ್ದಾಗ ಹಿಮ ಹೆಣಿಗೆಯೊಳಗೆ ಸಿಕ್ಕಿಕೊಂಡು ಅಲ್ಲೇ ಕರಗುತ್ತದೆ. ಹಕ್ಕಿಪುಕ್ಕ ತುಂಬಿದ ಜಾಕೆಟ್ಟೂ ಹಾಗೇ: ಗೊಂಡೋಲಾ (ಕೇಬಲ್ ಕಾರ್) ಸಾಲಿನಲ್ಲಿ ನಿಲ್ಲಲು ಅದರಂಥದ್ದು ಇನ್ನೊಂದಿಲ್ಲ, ಆದರೆ ಬೆವರಿಗೆ ನೆನೆದರೆ ಪುಕ್ಕ ಮುದ್ದೆಯಾಗಿ ಬೆಚ್ಚಗಿಡುವ ಗುಣವೇ ಹೋಗುತ್ತದೆ.

ಹೊರಗಿನ ಜಾಕೆಟ್ ನೀರು ತಡೆಯಬೇಕು, ಒಳಗಿನ ಆವಿಯನ್ನು ಹೊರಗೆ ಬಿಡಲೂಬೇಕು. ಲೇಬಲ್‌ನಲ್ಲಿ ಎರಡು ಸಂಖ್ಯೆ ಇರುತ್ತವೆ, ಒಂದು ನೀರು ತಡೆಯುವುದಕ್ಕೆ, ಇನ್ನೊಂದು ಆವಿ ಬಿಡುವುದಕ್ಕೆ. ಎರಡೂ 10,000ದ ಆಸುಪಾಸಿನಲ್ಲಿದ್ದರೆ ಧೈರ್ಯವಾಗಿ ಕೊಳ್ಳಿ. ಅದಕ್ಕಿಂತ ಮುಖ್ಯವಾಗಿ ಕಂಕುಳ ಕೆಳಗೆ ಜಿಪ್ ಇದೆಯೇ ನೋಡಿ. ಹತ್ತಲು ಶುರುಮಾಡುವ ಮೊದಲೇ ಅದನ್ನು ತೆರೆಯಬೇಕು, ಬೆವರಿದ ಮೇಲೆ ತೆರೆದರೆ ಚಳಿಗಾಳಿ ಒದ್ದೆ ಬಟ್ಟೆಗೆ ಬಡಿಯುತ್ತದೆ. ಸೊಂಟದ ಒಳಗೆ ಎಲಾಸ್ಟಿಕ್ ಪಟ್ಟಿ ಇದ್ದರೆ ಬಿದ್ದಾಗ ಹಿಮ ಬೆನ್ನಿಗೆ ನುಗ್ಗುವುದಿಲ್ಲ. ಪ್ಯಾಂಟಿನ ತುದಿಯಲ್ಲೂ ಬೂಟಿನ ಮೇಲೆ ಕೂರುವ ಒಳಪಟ್ಟಿ ಬೇಕು. ಜೀನ್ಸ್ ಬೇಡವೇ ಬೇಡ, ಎರಡು ಸಲ ಕುಕ್ಕರಿಸಿ ಬಿದ್ದರೆ ಅದು ನೆನೆದು ಸೆಟೆದುಕೊಳ್ಳುತ್ತದೆ.

ಮನಾಲಿ ಹತ್ತಿರದ ಸೋಲಂಗ್‌ನಲ್ಲಿ, ಗುಲ್ಮಾರ್ಗ್ ಕೆಳಗಿನ ತಂಗ್‌ಮಾರ್ಗ್‌ನಲ್ಲಿ ದಾರಿಬದಿ ಬಾಡಿಗೆಗೆ ಸಿಗುವ ಇಡೀ ಮೈಯ ಸೂಟು ಹಿಮದಲ್ಲಿ ಫೋಟೋ ತೆಗೆಸಿಕೊಳ್ಳುವುದಕ್ಕೆ ಸಾಕು. ಹಲವು ದಿನ ಕಲಿಯುವುದಕ್ಕೆ ಸಾಲದು, ಆವಿ ಹೊರಗೆ ಹೋಗದೆ ಒಳಗೇ ನೀರಾಗುತ್ತದೆ. ಬಾಡಿಗೆಯದೇ ಗತಿ ಎಂದಾದರೆ ಒಳಗಡೆ ತಿರುಗಿಸಿ, ಕುತ್ತಿಗೆ ಮತ್ತು ಮುಂಗೈ ಹತ್ತಿರದ ಅಸ್ತರಿಯನ್ನು ಬೆರಳಿನಿಂದ ಒತ್ತಿ ನೋಡಿ. ಹಿಂದಿನವರ ಬೆವರು ಇನ್ನೂ ಆರಿರದಿದ್ದರೆ ಬೇರೆಯದನ್ನು ಕೇಳಿ. ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಮೇಲೆತ್ತಿ ನೋಡಿ. ಎಲ್ಲೂ ಎಳೆಯಬಾರದು.

ಎಷ್ಟು ಪದರ ಎಂಬುದನ್ನು ತಾಪಮಾನ ಒಂದೇ ಹೇಳುವುದಿಲ್ಲ. ಗುಲ್ಮಾರ್ಗ್ ಬಯಲು ಸುಮಾರು 2,650 ಮೀಟರ್, ಅಫರ್ವತ್ ಬೆಟ್ಟದಲ್ಲಿ ಗೊಂಡೋಲಾ ಮುಟ್ಟುವ ಜಾಗ ಸುಮಾರು 3,950. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿದರೆ ಮೇಲೆ ಎಂಟು ಡಿಗ್ರಿಗೂ ಹೆಚ್ಚು ಚಳಿ. ಗಾಳಿ ಬೇರೆ. ಮೈನಸ್ 10ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಹಾಗೆ. ಎಲೆ ಅಲುಗದ ದಿನವೂ ನೀವೇ 30ರ ವೇಗದಲ್ಲಿ ಜಾರುತ್ತಿದ್ದರೆ ಆ ಗಾಳಿ ನೀವೇ ತಂದುಕೊಂಡದ್ದು. ಬೆಳಗ್ಗೆ ಹೊರಗೆ ಬಂದು ಐದು ನಿಮಿಷ ನಿಂತಾಗ ಸ್ವಲ್ಪ ಚಳಿ ಅನಿಸಬೇಕು. ನಿಂತಾಗಲೇ ಹಾಯಾಗಿದ್ದರೆ ಬಟ್ಟೆ ಹೆಚ್ಚಾಯಿತು ಎಂದರ್ಥ.

ಈಗ ಕಾಲು. ಹೆಚ್ಚು ಜನ ಸೋಲುವುದು ಇಲ್ಲೇ. ಸ್ಕೀ ಬೂಟಿನ ಹೊರಗವಚ ಗಟ್ಟಿ ಪ್ಲಾಸ್ಟಿಕ್, ಬಟ್ಟೆಯ ಶೂ ಹಾಗೆ ಹಿಗ್ಗುವುದಿಲ್ಲ. ಅದರೊಳಗೆ ಎರಡು ಜೊತೆ ದಪ್ಪ ಸಾಕ್ಸ್ ತುರುಕಿದರೆ ಬೆಚ್ಚಗಿನ ಗಾಳಿಗೆ ಜಾಗ ಇಲ್ಲ, ರಕ್ತಕ್ಕೂ ದಾರಿ ಇಲ್ಲ. ಬೆರಳು ತಣ್ಣಗಾಗುತ್ತದೆ, ಚಳಿ ಅಂತ ಇನ್ನೊಂದು ಸಾಕ್ಸ್ ಹಾಕುತ್ತಾರೆ, ಇನ್ನೂ ತಣ್ಣಗಾಗುತ್ತದೆ. ಒಂದೇ ಜೊತೆ, ತೆಳುವಾದ, ಮೊಣಕಾಲಿನ ಕೆಳಗಿನ ತನಕ ಬರುವ ಉಣ್ಣೆ ಮಿಶ್ರಿತ ಸಾಕ್ಸ್ ಸಾಕು. ಥರ್ಮಲ್ ಪ್ಯಾಂಟಿನ ತುದಿ ಬೂಟಿನೊಳಗೆ ಹೋಗಲೇಬಾರದು. ಆ ಒಂದು ಮಡಿಕೆ ಮೊಣಕಾಲಿನ ಕೆಳಗೆ ಕಾಲಿನ ಮುಂದಿನ ಮೂಳೆಯನ್ನು ಒತ್ತಿ ಸಂಜೆಗೆ ಕೆಂಪು ಗೆರೆ ಬರೆದಿರುತ್ತದೆ. ಮುಕ್ಕಾಲು ಉದ್ದದ್ದು ಕೊಳ್ಳಿ, ಇಲ್ಲವೇ ತುದಿಯನ್ನು ಬೂಟಿಗಿಂತ ಮೇಲಕ್ಕೆ ಎಳೆದುಕೊಳ್ಳಿ.

ಬೂಟಿನ ಅಳತೆ ಸೆಂಟಿಮೀಟರಿನಲ್ಲಿ. ಮನೆಯಲ್ಲೇ ಸಂಜೆ ಹೊತ್ತು ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು, ಉದ್ದದ ಬೆರಳಿನ ತನಕ ಅಳೆಯಿರಿ. 26 ಬಂದರೆ 26 ಎಂದೇ ಕೇಳಿ, ದಪ್ಪ ಸಾಕ್ಸಿಗೆ ಅಂತ 28 ಕೇಳಬೇಡಿ. ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ತಾಗಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು. ಬಕಲ್ ಹಾಕುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಮೊಣಕಾಲಿನ ಕೆಳಗೆ ಕಾಲಿನ ಮುಂದಿರುವ ಬಕಲ್‌ಗಳನ್ನು ಮೊದಲು ಬಿಗಿ ಮಾಡಿ, ಪಾದದ ಮೇಲಿನವನ್ನು ಹಗುರವಾಗಿ ಹಾಕಿ. ಬೆರಳಿಗೆ ರಕ್ತ ಒಯ್ಯುವ ನಾಳ ಪಾದದ ಮೇಲ್ಭಾಗದಲ್ಲೇ ಹಾದುಹೋಗುತ್ತದೆ, ಅಲ್ಲಿ ಬಿಗಿದರೆ ಯಾವ ಸಾಕ್ಸೂ ಕಾಪಾಡುವುದಿಲ್ಲ. ಲಿಫ್ಟಿನಲ್ಲಿ ಕೂತಾಗ, ಸಾಲಿನಲ್ಲಿ ನಿಂತಾಗ ಆ ಬಕಲ್‌ಗಳನ್ನು ಬಿಚ್ಚಿ ಬೆರಳು ಆಡಿಸುತ್ತಿರಿ. ಬೆಳಗ್ಗೆ ಕೋಣೆಯಲ್ಲಿ ಹಾಕಿಕೊಂಡು ಓಡಾಡಿದ ಸಾಕ್ಸ್ ಆಗಲೇ ತೇವವಾಗಿರುತ್ತದೆ, ಒಣ ಜೊತೆಯನ್ನು ಬೂಟು ಹಾಕುವ ಹೊತ್ತಿಗೇ ಹಾಕಿಕೊಳ್ಳಿ.

ಕೈಗೆ ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲ ಒಂದೇ ಗೂಡಿನಲ್ಲಿರುವ ಮಿಟನ್ ಬೆಚ್ಚಗೆ. ಒಳಗೆ ತೆಳುವಾದ ಗ್ಲೌಸ್ ಇದ್ದರೆ ಬಕಲ್ ಬಿಚ್ಚುವಾಗಲೂ ಬರಿಗೈ ಆಗುವುದಿಲ್ಲ. ಹೊಸಬರು ಬಿದ್ದಾಗೆಲ್ಲ ಕೈ ಊರುತ್ತಾರೆ, ಮುಂಗೈ ಹತ್ತಿರ ಹಿಮ ನುಗ್ಗುತ್ತದೆ. ಆದ್ದರಿಂದ ಉದ್ದ ಕಫ್ ಇದ್ದು ದಾರದಿಂದ ಬಿಗಿಯಲು ಬರುವಂಥದ್ದು ಬೇಕು. ಬೈಕಿನ ಗ್ಲೌಸ್, ಉಣ್ಣೆಯ ಗ್ಲೌಸ್ ಎರಡೂ ಅರ್ಧ ದಿನಕ್ಕೆ ಒದ್ದೆ. ಬಿಚ್ಚಿದ ಮಿಟನ್ನನ್ನು ಹಿಮದ ಮೇಲೆ ಇಡದೆ ಜಾಕೆಟ್ಟಿನೊಳಗೆ ಇಡಿ. ಕಬ್ಬಿಣದ ಪುಡಿಯ ಶಾಖದ ಪೊಟ್ಟಣ ತಂದಿದ್ದರೆ ಬೇಕಾಗುವ ಹದಿನೈದು ನಿಮಿಷ ಮೊದಲೇ ತೆರೆದು ಗಾಳಿಗೆ ಹಿಡಿಯಿರಿ. ಗಾಳಿಯಿಲ್ಲದ ಬೂಟಿನ ತುದಿಯಲ್ಲಿ ಅದು ಸರಿಯಾಗಿ ಕಾಯುವುದಿಲ್ಲ.

ತಲೆಗೆ ಹೆಲ್ಮೆಟ್ಟೇ ಸಾಕಷ್ಟು ಬೆಚ್ಚಗೆ. ಅದರೊಳಗೆ ದಪ್ಪ ಮಂಕಿ ಟೋಪಿ ಹಾಕಿದರೆ ಹೆಲ್ಮೆಟ್ ತಲೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಕಾಪಾಡುವುದೂ ಇಲ್ಲ. ಕುತ್ತಿಗೆಗೆ ಕೊಳವೆಯಂಥ ಫ್ಲೀಸ್ ಪಟ್ಟಿ ಎರಡಿರಲಿ, ಉಸಿರಿಗೆ ಒಂದು ಒದ್ದೆಯಾದಾಗ ಇನ್ನೊಂದು. ಗಾಗಲ್ಸ್ ಹಣೆಗೆ ಏರಿಸಿದರೆ ಬೆವರಿನ ಆವಿ ತುಂಬಿ ಮಂಜಾಗುತ್ತದೆ.

ರಮ್ ಹಾಕಿದರೆ ಚಳಿ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ಚರ್ಮದ ರಕ್ತನಾಳ ಹಿಗ್ಗಿಸುವುದರಿಂದ ಬಿಸಿ ಅನಿಸುತ್ತದೆ, ನಿಜದಲ್ಲಿ ಮೈಯೊಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಮಧ್ಯಾಹ್ನ ಅದು ಬೇಡ.

ಜೊತೆಯವರ ಮೂಗು, ಕೆನ್ನೆ, ಕಿವಿಯ ತುದಿಯನ್ನು ಆಗಾಗ ನೋಡುತ್ತಿರಿ. ಬಿಳಿಚಿಕೊಂಡು ಜೋಮು ಹಿಡಿದಿದ್ದರೆ ಬೆಚ್ಚಗಿನ ಅಂಗೈಯಿಂದ ಒತ್ತಿ ಹಿಡಿಯಿರಿ, ಬೆರಳಾದರೆ ಕಂಕುಳಲ್ಲಿ ಇಟ್ಟುಕೊಳ್ಳಿ. ತಿಕ್ಕಬೇಡಿ, ಹಿಮದಿಂದಂತೂ ತಿಕ್ಕಲೇಬೇಡಿ. ಬುಖಾರಿಗೆ (ಕೋಣೆ ಕಾಯಿಸುವ ಕಟ್ಟಿಗೆ ಒಲೆ) ಚಾಚಬೇಡಿ, ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಬಣ್ಣ ಮರಳದೆ ಗಟ್ಟಿಯಾಗಿ, ಮೇಣದ ಹಾಗೆ ಇದ್ದರೆ ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೋಣೆಗೆ ಬಂದ ಕೂಡಲೇ, ಚಹಾಕ್ಕೂ ಮೊದಲು, ಬೂಟಿನ ಒಳಗವಚವನ್ನು ಹೊರಗೆ ಎಳೆದು ಬಾಯಿ ಅಗಲಿಸಿ ನಿಲ್ಲಿಸಿ, ಒಳಗೆ ದಿನಪತ್ರಿಕೆ ಉಂಡೆ ಮಾಡಿ ತುಂಬಿ. ಒಂದು ಗಂಟೆ ಬಿಟ್ಟು ಕಾಗದ ಬದಲಿಸಿ. ಬುಖಾರಿ, ಹೀಟರ್‌ಗಳ ಮೇಲೆ ಇಡಬೇಡಿ, ಒಳಗಿನ ಫೋಮ್ ಕರಗಿ ಆಕಾರ ಕೆಡುತ್ತದೆ, ನಾಲ್ಕೈದು ಅಡಿ ದೂರದಲ್ಲಿರಲಿ. ಮಿಟನ್ನಿನ ಒಳಪದರ ಬೇರೆಯಾಗಿ ಬರುವಂತಿದ್ದರೆ ಅದನ್ನೂ ಕಳಚಿ ಹಾಕಿ. ಒಣಗಿದ ಬೂಟನ್ನು ರಾತ್ರಿ ಹೊರಗಿನ ಜಗುಲಿಯಲ್ಲೋ ಗಾಡಿಯ ಡಿಕ್ಕಿಯಲ್ಲೋ ಬಿಡದೆ ಕೋಣೆಯೊಳಗೇ ಇಟ್ಟುಕೊಳ್ಳಿ. ಚಳಿಗೆ ಸೆಟೆದ ಪ್ಲಾಸ್ಟಿಕ್ ಬೆಳಗ್ಗೆ ಬಾಯಿ ತೆರೆಯುವುದಿಲ್ಲ, ಕಾಲು ತೂರಿಸಲು ಗುದ್ದಾಡುವಷ್ಟರಲ್ಲೇ ಮೊದಲ ಬೆವರು ಬಂದಿರುತ್ತದೆ.